ಪರದೆಯ ಮೇಲಿನ ಮೋಟಾರು ಎಷ್ಟು ನಿಜ?

ಮೋಟಾರು ಓಟದ ಕಂಪ್ಯೂಟರ್ ಆಟಗಳನ್ನು ಮಾರುವವರು ನಾಲ್ಕು ದಶಕಗಳಿಂದ ಒಂದೇ ಮಾತನ್ನು ಹೇಳುತ್ತ ಬಂದಿದ್ದಾರೆ: ‘ನಮ್ಮ ಆಟ ಥೇಟ್ ನಿಜವಾದ ಓಟದಂತೆಯೇ ಇದೆ’. ಹೊಸ ಆಟವೊಂದು ಬಂದಾಗಲೆಲ್ಲ ಹಳೆಯದು ಗೊಂಬೆಯಾಟದಂತೆ ಕಾಣತೊಡಗುತ್ತದೆ. ನಿನ್ನೆ ನಿಜವೆನಿಸಿದ್ದು ಇಂದು ಸುಳ್ಳೆನಿಸುವುದಾದರೆ ಆ ‘ನಿಜ’ವನ್ನು ಅಳೆಯುವ ಕೋಲು ಯಾವುದು?

ಇದು ದೊಡ್ಡ ಊರಿನ ಹುಡುಗರಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. 1990ರ ದಶಕದ ಕೊನೆಯ ವರ್ಷಗಳಲ್ಲಿ ಜಿಲ್ಲಾ ಕೇಂದ್ರಗಳಿಗೆ ಸೈಬರ್ ಕೆಫೆಗಳು ಬಂದಾಗ, ಪತ್ರ ಟೈಪ್ ಮಾಡಿಸಲು ಬಂದವರ ಪಕ್ಕದ ಕುರ್ಚಿಯಲ್ಲಿ ‘ರೋಡ್ ರ‍್ಯಾಶ್’ ಆಡುವ ಹುಡುಗರು ಕೂತಿರುತ್ತಿದ್ದರು. ಈಗ ಅದಕ್ಕೆ ಕೆಫೆಯೂ ಬೇಕಿಲ್ಲ. ವಿಜಯಪುರ ನಗರದಲ್ಲಿರಲಿ, ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದ ತಿಕೋಟಾದಲ್ಲಿರಲಿ, ಜಮಖಂಡಿ ದಾರಿಯ ಬಬಲೇಶ್ವರದಲ್ಲಿರಲಿ, ಮನೆಯಲ್ಲಿ ಒಂದು ಮೊಬೈಲ್ ಇದ್ದರೆ ಅದರಲ್ಲಿ ಒಂದು ಕಾರು, ಒಂದು ಬಸ್ಸು, ಒಂದು ಟ್ರ್ಯಾಕ್ಟರ್ ಓಡುತ್ತಿರುತ್ತದೆ. ಇಂದಿನ ಎಷ್ಟೋ ಮಕ್ಕಳು ಮೊದಲು ಹಿಡಿಯುವ ಸ್ಟೇರಿಂಗ್ ಗಾಜಿನ ಮೇಲಿನದು. ಆಮೇಲೆ ಅವರ ಕೈಗೆ ಬರುವುದು ಅಪ್ಪನ ಬೈಕಿನ ಕೀಲಿ. ಹೀಗಾಗಿ ಗಾಜಿನ ಮೇಲಿನ ಓಟ ಯಾವ ವಿಷಯದಲ್ಲಿ ನಿಜ, ಯಾವ ವಿಷಯದಲ್ಲಿ ಸುಳ್ಳು ಎಂದು ತಿಳಿಯುವುದು ಬರೀ ಕುತೂಹಲದ ಮಾತಾಗಿ ಉಳಿದಿಲ್ಲ.

ಎರಡು ಧರ್ಮಗಳು

ನಿಜದ ಹಾಗೆ ಇರುವುದು ಎಂದರೇನು ಎಂಬ ಚರ್ಚೆ ನಮಗೆ ಹೊಸದಲ್ಲ. ಭರತನ ‘ನಾಟ್ಯಶಾಸ್ತ್ರ’ ಅಭಿನಯದಲ್ಲಿ ಎರಡು ಧರ್ಮಗಳನ್ನು ಹೇಳುತ್ತದೆ. ಲೋಕದಲ್ಲಿ ಜನ ಹೇಗೆ ನಡೆಯುತ್ತಾರೋ, ನುಡಿಯುತ್ತಾರೋ ಹಾಗೆಯೇ ತೋರಿಸುವುದು ಲೋಕಧರ್ಮಿ. ರಂಗದ ಕಟ್ಟುಪಾಡುಗಳ ಮೂಲಕ ಸೂಚಿಸುವುದು ನಾಟ್ಯಧರ್ಮಿ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಕೂತು ನೋಡುವವರು ಸ್ವರ್ಗದ ಗಿಡ ಎಲ್ಲಿದೆ ಎಂದು ಕೇಳುವುದಿಲ್ಲ. ಅಲ್ಲಿ ನಿಜವಾಗಬೇಕಾದದ್ದು ಸತ್ಯಭಾಮೆಯ ಮುನಿಸು. ಅದು ನಿಜವಾದರೆ ಸಾಕು.

ಮೋಟಾರು ಆಟಗಳಲ್ಲಿಯೂ ಇವೆರಡು ಜಾತಿಗಳಿವೆ. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿ 1991ರಲ್ಲಿ ಹೊರತಂದ ‘ರೋಡ್ ರ‍್ಯಾಶ್’ನಲ್ಲಿ ಸವಾರ ಬೈಕಿನಿಂದ ಹಾರಿಬಿದ್ದು, ಎದ್ದು, ಓಡಿ ಬಂದು ಮತ್ತೆ ಬೈಕ್ ಹತ್ತುತ್ತಾನೆ. ಪಕ್ಕದವನಿಗೆ ಒದೆಯುತ್ತಾನೆ, ದೊಣ್ಣೆಯಿಂದ ಹೊಡೆಯುತ್ತಾನೆ. ಇದನ್ನು ಯಾರೂ ನಿಜವೆಂದು ನಂಬಬೇಕಿಲ್ಲ. ವೇಗದ ಅಮಲನ್ನು ಸೂಚಿಸುವುದಷ್ಟೇ ಅದರ ಕೆಲಸ. ಇದು ನಾಟ್ಯಧರ್ಮಿ. ಇನ್ನೊಂದು ಜಾತಿಯ ಆಟಗಳು ಟೈರಿನ ಬಿಸಿ, ಪೆಟ್ರೋಲಿನ ತೂಕ, ರಸ್ತೆಯ ಉಬ್ಬುತಗ್ಗುಗಳನ್ನೆಲ್ಲ ಲೆಕ್ಕ ಹಾಕುತ್ತವೆ. ಇವು ಲೋಕಧರ್ಮಿ, ಇವನ್ನು ‘ಸಿಮ್ಯುಲೇಟರ್’ ಎಂದು ಕರೆಯುವುದು ರೂಢಿ. ನಾಟ್ಯಧರ್ಮಿ ಆಟವನ್ನು ನಿಜವಲ್ಲವೆಂದು ಬೈಯುವುದರಲ್ಲಿ ಅರ್ಥವಿಲ್ಲ. ತೊಂದರೆ ಬರುವುದು ನಾಟ್ಯಧರ್ಮಿ ಆಟ ಲೋಕಧರ್ಮಿಯ ವೇಷ ಹಾಕಿದಾಗ. ಚಿತ್ರ ಫೋಟೊದಷ್ಟು ಸ್ಪಷ್ಟವಾಗಿದ್ದರೆ ನೋಡುವವನು ಓಟವೂ ಅಷ್ಟೇ ನಿಜವಿರಬೇಕೆಂದು ತಿಳಿಯುತ್ತಾನೆ. ಕಣ್ಣಿಗೆ ಕಾಣುವುದಕ್ಕೂ ಒಳಗಿನ ಲೆಕ್ಕಕ್ಕೂ ಸಂಬಂಧವೇ ಇರಬೇಕೆಂದಿಲ್ಲ.

ಪೇಟಿಯ ತಿದಿಯಿಂದ ಹಾರಿದ ವಿಮಾನ

ಕೂತಲ್ಲೇ ವಾಹನ ನಡೆಸುವುದನ್ನು ಕಲಿಸುವ ಯಂತ್ರದ ಕಥೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ಮನೆತನದ ಕಸುಬು ಆರ್ಗನ್ ಮತ್ತು ಪಿಯಾನೊ ತಯಾರಿಕೆ. ನಮ್ಮ ನಾಟಕ ಕಂಪೆನಿಗಳ ಪೇಟಿಯಂತೆ ಆರ್ಗನ್ನಿಗೂ ಗಾಳಿ ತುಂಬುವ ತಿದಿಗಳು ಬೇಕು. ಲಿಂಕ್ ಆ ತಿದಿಗಳ ಮೇಲೆ ಒಂದು ಪುಟ್ಟ ವಿಮಾನದ ತೊಟ್ಟಿಯನ್ನು ಕೂರಿಸಿದ. ಒಳಗಿದ್ದವನು ಹಿಡಿಕೆ ತಿರುಗಿಸಿದರೆ ಗಾಳಿ ಒಂದು ತಿದಿಯಿಂದ ಇನ್ನೊಂದಕ್ಕೆ ಹೋಗಿ ತೊಟ್ಟಿ ವಾಲುತ್ತಿತ್ತು. ಇದು 1929ರ ಮಾತು. ಮೊದಮೊದಲು ಜನ ಇದನ್ನು ಸಂತೆಯ ಆಟಿಕೆಯಂತೆ ಕಂಡರು. 1934ರಲ್ಲಿ ಅಮೆರಿಕದ ಸೇನೆಗೆ ಟಪಾಲು ಸಾಗಿಸುವ ಹೊಣೆ ಬಿದ್ದು, ಮಂಜು ಕತ್ತಲೆಗಳಲ್ಲಿ ಹಾರಲು ತಿಳಿಯದ ಹಲವು ಪೈಲಟ್‌ಗಳು ಸತ್ತರು. ಆಗ ಸೇನೆ ಲಿಂಕ್‌ನ ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸಾವಿರಾರು ಪೈಲಟ್‌ಗಳು ಅದರಲ್ಲೇ ಪಾಠ ಕಲಿತಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಲಿಂಕ್‌ನ ತೊಟ್ಟಿಯಿಂದ ನೋಡಿದರೆ ಆಕಾಶ ಕಾಣುತ್ತಿರಲಿಲ್ಲ. ಮೇಲಿನ ಮುಚ್ಚಳ ಹಾಕಿಬಿಟ್ಟರೆ ಒಳಗೆ ಕೆಲವು ಮುಳ್ಳಿನ ಗಡಿಯಾರಗಳು ಮಾತ್ರ. ಚಿತ್ರವೇ ಇಲ್ಲದ ಆ ಯಂತ್ರ ಪೈಲಟ್‌ಗಳ ಪ್ರಾಣ ಉಳಿಸಿತು. ಏಕೆಂದರೆ ಕಲಿಸಬೇಕಾದ ಒಂದು ವಿದ್ಯೆಯನ್ನು, ಕಣ್ಣು ಕಾಣದಾಗ ಮುಳ್ಳುಗಳನ್ನು ನಂಬುವುದನ್ನು, ಅದು ಸರಿಯಾಗಿ ಕಲಿಸುತ್ತಿತ್ತು. ಸಿಮ್ಯುಲೇಟರ್ ಒಂದನ್ನು ತೂಗಿನೋಡುವವರಿಗೆ ಇದೇ ಮೊದಲ ಪಾಠ.

ಮೋಟಾರಿನ ಆಟ ಬಂದದ್ದು ಇದಾದ ನಾಲ್ಕೂವರೆ ದಶಕಗಳ ನಂತರ. 1974ರಲ್ಲಿ ಅಟಾರಿ ಕಂಪೆನಿಯ ‘ಗ್ರ್ಯಾನ್ ಟ್ರ್ಯಾಕ್ 10’ ಎಂಬ ಪೆಟ್ಟಿಗೆಗೆ ಸ್ಟೇರಿಂಗ್, ಗೇರು, ಎರಡು ಪೆಡಲ್‌ಗಳಿದ್ದವು. ರಸ್ತೆಯೆಂದರೆ ಕಪ್ಪು ಪರದೆಯ ಮೇಲಿನ ಬಿಳಿ ಚುಕ್ಕೆಗಳ ಸಾಲು. 1982ರಲ್ಲಿ ಜಪಾನಿನ ನಾಮ್ಕೊ ಕಂಪೆನಿಯ ‘ಪೋಲ್ ಪೊಸಿಷನ್’ ಆಟದಲ್ಲಿ ಕಾರಿನ ಹಿಂದೆ ನಿಂತು ನೋಡಿದಂತೆ ರಸ್ತೆ ಕಂಡಿತು. ಅದರ ಹಾದಿಯೂ ಕಲ್ಪಿತವಲ್ಲ, ಜಪಾನಿನ ಫ್ಯೂಜಿ ಸ್ಪೀಡ್‌ವೇ. 1984ರಲ್ಲಿ ಬ್ರಿಟನ್ನಿನ ಜೆಫ್ ಕ್ರ್ಯಾಮಂಡ್ ‘ರೆವ್ಸ್’ ಎಂಬ ಆಟದಲ್ಲಿ ಫಾರ್ಮುಲಾ 3 ಕಾರಿನ ವರ್ತನೆಯನ್ನು ಲೆಕ್ಕದಿಂದಲೇ ಕಟ್ಟಲು ಯತ್ನಿಸಿದರು. 1989ರ ‘ಹಾರ್ಡ್ ಡ್ರೈವಿನ್’ ಪೆಟ್ಟಿಗೆಯಲ್ಲಿ ಕೀಲಿ ತಿರುಗಿಸಿ ಗಾಡಿ ಶುರು ಮಾಡಬೇಕು, ಕ್ಲಚ್ ಒತ್ತಿ ಗೇರು ಹಾಕಬೇಕು. ಸ್ಟೇರಿಂಗ್ ಕೈಗೆ ಎದುರೇಟು ಕೊಡುತ್ತಿತ್ತು. 1994ರ ‘ದಿ ನೀಡ್ ಫಾರ್ ಸ್ಪೀಡ್’ ತಯಾರಕರು ಕಾರುಗಳ ಗುಣ ತಿಳಿಯಲು ‘ರೋಡ್ ಅಂಡ್ ಟ್ರ್ಯಾಕ್’ ಎಂಬ ಮೋಟಾರು ಪತ್ರಿಕೆಯ ನೆರವು ಪಡೆದರು. ಜಪಾನಿನಲ್ಲಿ 1997ರ ಕೊನೆಗೆ ಬಂದ ‘ಗ್ರ್ಯಾನ್ ಟುರಿಸ್ಮೊ’ 1 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು.

ಮರುವರ್ಷ ಬಂದ ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ ಎಂಬ ಆಟದ ಕಥೆ ಬೇರೆ. ಅದು 1967ರ ಫಾರ್ಮುಲಾ 1 ಕಾರುಗಳನ್ನು ತೋರಿಸಿತು. ಆಗಿನ ಕಾರುಗಳಿಗೆ ರೆಕ್ಕೆಗಳಿರಲಿಲ್ಲ, ಟೈರು ಸಣ್ಣವು, ಎಂಜಿನ್ ಮಾತ್ರ ಭಾರಿ. ಕೊಂಡುತಂದವರು ಮೊದಲ ತಿರುವಿನಲ್ಲೇ ಗಿರಗಿರನೆ ಸುತ್ತಿ ಹೊರಗೆ ಬಿದ್ದರು. ಮಾರಾಟದಲ್ಲಿ ಅದು ಗೆಲ್ಲಲಿಲ್ಲ. ಆದರೆ ಹಟ ಹಿಡಿದು ಕಲಿತವರು ಅದನ್ನು ವರ್ಷಗಟ್ಟಲೆ ಬಿಡಲಿಲ್ಲ. ಆಗಿನಿಂದ ‘ಕಷ್ಟವಿದ್ದರೆ ನಿಜ’ ಎಂಬ ಒಂದು ನಂಬಿಕೆಯೂ ಆಟಗಾರರಲ್ಲಿ ಬೇರೂರಿತು. ಇದು ಅರ್ಧ ಸತ್ಯ. ನಿಜವಾದ ಕಾರು ಅಷ್ಟೇನೂ ಕಷ್ಟದ್ದಲ್ಲ. ಲಕ್ಷಾಂತರ ಜನ ದಿನವೂ ನಡೆಸುತ್ತಾರೆ. ಸಾಧಾರಣ ವೇಗದಲ್ಲಿಯೂ ಜಾರುವ ಆಟವಿದ್ದರೆ ಅದು ನಿಜದಿಂದ ಇನ್ನೊಂದು ದಿಕ್ಕಿಗೆ ದೂರ ಸರಿದಿದೆ ಎಂದೇ ಅರ್ಥ.

ತೆರಬಂಡಿ ಹೇಳುವ ಭೌತಶಾಸ್ತ್ರ

ಕಾರಿಗೂ ಭೂಮಿಗೂ ಇರುವ ಸಂಬಂಧವೆಲ್ಲ ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮುಗಿಯುತ್ತದೆ. ಪ್ರತಿ ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು ಎಲ್ಲವೂ ಅಲ್ಲಿನ ಹಿಡಿತದಿಂದಲೇ. ಆಟದ ನಿಜವನ್ನೂ ಅಲ್ಲಿಯೇ ಹುಡುಕಬೇಕು.

ವಿಜಯಪುರ, ಬಾಗಲಕೋಟೆ ಕಡೆಯ ರೈತರಿಗೆ ಈ ಮಾತು ತೆರಬಂಡಿಯಿಂದ ಬೇಗ ಅರ್ಥವಾಗುತ್ತದೆ. ತೆರಬಂಡಿ ಸ್ಪರ್ಧೆಯಲ್ಲಿ ಗಾಲಿ ಉರುಳದಂತೆ ಕಟ್ಟಿ, ಭಾರ ಹೇರಿದ ಬಂಡಿಯನ್ನು ಎತ್ತುಗಳು ಎಳೆಯಬೇಕು. ಗೊತ್ತುಪಡಿಸಿದ ಸಮಯದಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಇಂಥ ಎತ್ತಿನ ಓಟಗಳು 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಾನೂನಿನ ತೊಡಕಿಗೆ ಸಿಕ್ಕಿದ್ದವು. ಕಂಬಳ ಹಾಗೂ ಎತ್ತಿನಗಾಡಿ ಓಟಗಳಿಗೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ 2017ರಲ್ಲಿ ಬಂತು; 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ಚಕ್ಕಡಿ ಗಾಲಿ ಉರುಳುತ್ತಿದ್ದರೆ ಎತ್ತುಗಳು ಆರಾಮವಾಗಿ ಎಳೆದೊಯ್ಯುತ್ತವೆ. ಗಾಲಿ ಕಟ್ಟಿದೊಡನೆ ಮೈಯೆಲ್ಲ ಬೆವರು. ಉರುಳುವ ಗಾಲಿ ಮತ್ತು ಉಜ್ಜುವ ಗಾಲಿ ಬೇರೆ ಬೇರೆ ಎಂಬುದು ಇದರ ತಾತ್ಪರ್ಯ.

ಮೋಟಾರಿನ ಟೈರು ಇವೆರಡರ ನಡುವೆ ಇರುತ್ತದೆ. ಅದು ಉರುಳುತ್ತಲೇ ಸ್ವಲ್ಪ ಜಾರುತ್ತದೆ. ಈ ಜಾರುವಿಕೆ ಶೂನ್ಯವಿದ್ದರೆ ಹಿಡಿತವೂ ಹುಟ್ಟುವುದಿಲ್ಲ. ಜಾರುವಿಕೆ ಸ್ವಲ್ಪ ಸ್ವಲ್ಪ ಹೆಚ್ಚಿದಂತೆ ಹಿಡಿತವೂ ಏರುತ್ತದೆ. ಒಂದು ಶಿಖರ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಬ್ರೇಕ್ ಪೂರ್ತಿ ಒತ್ತಿ ಗಾಲಿ ಕಟ್ಟಿಕೊಂಡರೆ ಕಾರು ತೆರಬಂಡಿಯಾಗುತ್ತದೆ. ಆಗ ಸ್ಟೇರಿಂಗ್ ಎತ್ತ ತಿರುಗಿಸಿದರೂ ಅದು ನೇರವಾಗಿಯೇ ಜಾರುತ್ತದೆ.

ಈ ಏರಿಳಿತದ ಗೆರೆಯನ್ನು ಸೂತ್ರಕ್ಕೆ ಇಳಿಸಿದವರು ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಾಸೆಯ್ಕಾ ಮತ್ತು ಸಂಗಡಿಗರು. 1980ರ ದಶಕದಲ್ಲಿ ಸ್ವೀಡನ್ನಿನ ವೋಲ್ವೊ ಕಂಪೆನಿಯ ಎಂಜಿನಿಯರುಗಳ ಜೊತೆ ಸೇರಿ ಅವರು ರೂಪಿಸಿದ ಸೂತ್ರಕ್ಕೆ ‘ಮ್ಯಾಜಿಕ್ ಫಾರ್ಮುಲಾ’ ಎಂದೇ ಹೆಸರಾಯಿತು. ಭೌತಶಾಸ್ತ್ರದ ಮೂಲ ನಿಯಮದಿಂದ ಬಂದದ್ದಲ್ಲ ಅದು. ಟೈರನ್ನು ಯಂತ್ರದಲ್ಲಿ ಅಳೆದು, ಸಿಕ್ಕ ಅಂಕಿಗಳಿಗೆ ಹೊಂದುವ ಗೆರೆ ಎಳೆದದ್ದು. ಮ್ಯಾಜಿಕ್ ಎಂಬ ಹೆಸರು ಬಂದದ್ದೂ ಅದಕ್ಕೇ. ನಿಜಕ್ಕೆ ಹತ್ತಿರವಾಗಲು ಯತ್ನಿಸುವ ಅನೇಕ ಆಟಗಳ ಹೊಟ್ಟೆಯಲ್ಲಿ ಈ ಸೂತ್ರವೋ ಇದರ ಬಂಧುವೋ ಕೂತಿರುತ್ತದೆ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾದರೆ, ಒಳಗಿನ ಟೈರಿನ ಲೆಕ್ಕ ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ.

ಕೈಗಡಿಯಾರದ ಪರೀಕ್ಷೆ

ಆಟವೊಂದು ನಿಜಕ್ಕೆ ಎಷ್ಟು ಹತ್ತಿರವೆಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ಹೈಸ್ಕೂಲಿನ ಭೌತಶಾಸ್ತ್ರ ಮತ್ತು ಒಂದು ಗಡಿಯಾರ ಸಾಕು.

ಮೊದಲನೆಯದು ಬ್ರೇಕಿನ ಪರೀಕ್ಷೆ. ಒಣಗಿದ ಡಾಂಬರಿನ ಮೇಲೆ ಸಾಧಾರಣ ಕಾರಿನ ಟೈರಿಗೆ ಸಿಗುವ ಹಿಡಿತ ಕಾರಿನ ತೂಕದ ಮುಕ್ಕಾಲು ಭಾಗದಷ್ಟು ಎಂದು ಹಿಡಿಯೋಣ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಸುಮಾರು 19 ಮೀಟರ್ ಬೇಕು, ಎರಡೂಕಾಲು ಸೆಕೆಂಡ್ ಹಿಡಿಯುತ್ತದೆ. ವೇಗ ಎರಡು ಪಟ್ಟಾಗಿ 120 ಆದರೆ ದೂರ ನಾಲ್ಕು ಪಟ್ಟಾಗುತ್ತದೆ. ಸುಮಾರು 76 ಮೀಟರ್. ಆಟದ ಕಾರು 120ರಿಂದ ಒಂದೇ ಸೆಕೆಂಡಿನಲ್ಲಿ ನಿಂತರೆ ಅದು ನಾಟ್ಯಧರ್ಮಿ ಎಂದು ನಿಸ್ಸಂಶಯವಾಗಿ ಹೇಳಬಹುದು.

ಎರಡನೆಯದು ತಿರುವಿನ ಪರೀಕ್ಷೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದೇ ಹಿಡಿತವಿರುವ ಕಾರು ಗಂಟೆಗೆ ಸುಮಾರು 69 ಕಿ.ಮೀ. ವೇಗದವರೆಗೆ ತಾಳಿಕೊಳ್ಳುತ್ತದೆ. ಮಳೆಯಾಗಿ ಹಿಡಿತ ತೂಕದ ಅರ್ಧಕ್ಕಿಂತ ಸ್ವಲ್ಪ ಕೆಳಗಿಳಿದರೆ 53ರ ಆಸುಪಾಸಿಗೆ ಬರಬೇಕು. ಅದೇ ತಿರುವನ್ನು 120ರಲ್ಲಿ ದಾಟಲು ತೂಕದ ಎರಡೂಕಾಲು ಪಟ್ಟು ಹಿಡಿತ ಬೇಕು. ರೆಕ್ಕೆಗಳಿಂದ ಗಾಳಿಯನ್ನೇ ಬಳಸಿ ನೆಲಕ್ಕೆ ಒತ್ತಿಕೊಳ್ಳುವ ಓಟದ ಕಾರಿಗೆ ಅಂಥದು ಸಾಧ್ಯ. ಸಂತೆಗೆ ಹೋಗುವ ಕಾರಿಗೆ ಅಸಾಧ್ಯ.

ಮೂರನೆಯದು ಗಾಲಿ ಕಟ್ಟುವ ಪರೀಕ್ಷೆ. ಬ್ರೇಕಿಗೆ ನೆರವಾಗುವ ಸೌಲಭ್ಯಗಳನ್ನೆಲ್ಲ ಆರಿಸಿ, ಪೂರ್ತಿ ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಬೇಕು. ಪ್ರಾಮಾಣಿಕ ಆಟದಲ್ಲಿ ಕಾರು ತಿರುಗಬಾರದು. ನಾಲ್ಕನೆಯದು ಜಿಗಿತದ ಪರೀಕ್ಷೆ. ದಿನ್ನೆಯಿಂದ ಹಾರಿದ ಕಾರು ಹೊರಟ ಎತ್ತರಕ್ಕೇ ಬಂದು ಬೀಳಲು 3 ಸೆಕೆಂಡ್ ತೆಗೆದುಕೊಂಡರೆ, ನಡುವೆ ಅದು 11 ಮೀಟರ್ ಮೇಲೇರಿರಬೇಕು. ಅಂದರೆ ಮೂರಂತಸ್ತಿನ ಮನೆಯ ಎತ್ತರ. ಪರದೆಯ ಮೇಲೆ ಅಷ್ಟು ಏರಿದ್ದು ಕಾಣದಿದ್ದರೆ ಆ ಲೋಕದ ಗುರುತ್ವಾಕರ್ಷಣೆ ನಮ್ಮದಲ್ಲ.

ಐದನೆಯದು ಕಿವಿಯ ಪರೀಕ್ಷೆ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ತಟ್ಟಿದವರಿಗೆ ಸ್ಥಳ ಬದಲಾದರೆ ಸದ್ದು ಎಷ್ಟು ಬದಲಾಗುತ್ತದೆಂದು ಹೇಳಬೇಕಿಲ್ಲ. ಬಯಲಲ್ಲಿ, ಸೇತುವೆಯ ಕೆಳಗೆ, ಗೋಡೆಗಳ ನಡುವೆ ಎಂಜಿನ್ನಿನ ಸದ್ದು ಒಂದೇ ತೆರನಿದ್ದರೆ ಆ ಆಟದವರು ಕಣ್ಣಿಗೆ ದುಡಿದಷ್ಟು ಕಿವಿಗೆ ದುಡಿದಿಲ್ಲ. ಅನುಭವಿ ಚಾಲಕನಿಗೆ ಟೈರಿನ ಕಿರುಚಾಟವೂ ಒಂದು ಸುದ್ದಿ. ಹಿಡಿತ ಶಿಖರಕ್ಕೆ ಬಂದಿದೆ, ಇನ್ನು ಇಳಿಯಲಿದೆ ಎಂದು ಅದು ಮೊದಲೇ ಹೇಳುತ್ತದೆ.

ಓಟಕ್ಕಿಂತ ಮೊದಲೇ ಬಂದ ಹಾದಿ

ನಿಜವಾದ ಓಟದ ಹಾದಿಗಳಿರುವ ಆಟಗಳಿಗೆ ಇನ್ನೊಂದು ಪರೀಕ್ಷೆಯುಂಟು, ಸುತ್ತಿನ ಸಮಯ. ದೆಹಲಿಯ ಬಳಿ ಗ್ರೇಟರ್ ನೊಯ್ಡಾದ ಬುದ್ಧ ಅಂತರರಾಷ್ಟ್ರೀಯ ಸರ್ಕೀಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಭಾರತದ ಮೊದಲ ಫಾರ್ಮುಲಾ 1 ಓಟ ನಡೆದದ್ದು 2011ರ ಅಕ್ಟೋಬರ್ 30ರಂದು. ಆದರೆ ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ಕಂಪೆನಿಯ ‘ಎಫ್1 2011’ ಆಟ ಸೆಪ್ಟೆಂಬರಿನಲ್ಲೇ ಅಂಗಡಿಗೆ ಬಂತು. ಅದರಲ್ಲಿ ಬುದ್ಧ ಸರ್ಕೀಟ್ ಇತ್ತು. ಒಬ್ಬ ಚಾಲಕನೂ ಓಟ ಓಡದ ಹಾದಿಯಲ್ಲಿ ಜಗತ್ತಿನ ಹುಡುಗರು ಆಗಲೇ ಸ್ಪರ್ಧೆ ಮುಗಿಸಿದ್ದರು! ನಕ್ಷೆಯಿಂದ ಹಾದಿಯ ಆಕಾರ ಸಿಗುತ್ತದೆ. ಹೊಸ ಡಾಂಬರಿನ ಮೇಲೆ ಎಷ್ಟು ಧೂಳಿರುತ್ತದೆ, ಟೈರು ಎಷ್ಟು ಸವೆಯುತ್ತದೆ ಎಂಬುದು ಸಿಗುವುದಿಲ್ಲ. ಅದು ತಿಳಿಯಲು ಓಟವೇ ನಡೆಯಬೇಕು.

ಆ ಮೊದಲ ಓಟದಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ 5.125 ಕಿ.ಮೀ. ಉದ್ದದ ಸುತ್ತನ್ನು 1 ನಿಮಿಷ 27.249 ಸೆಕೆಂಡಿನಲ್ಲಿ ಮುಗಿಸಿದರು. ಸರಾಸರಿ ಗಂಟೆಗೆ 211 ಕಿ.ಮೀ. ಮೀರಿದ ವೇಗ. 2013ರವರೆಗೆ ಅಲ್ಲಿ ನಡೆದ ಮೂರೂ ಓಟಗಳನ್ನು ಗೆದ್ದವರು ಅವರೇ. ಆಟವೊಂದರಲ್ಲಿ ಅದೇ ಕಾರಿನಿಂದ ಕಾಲೇಜು ಹುಡುಗನೊಬ್ಬ ಒಂದೇ ವಾರದಲ್ಲಿ ಅದಕ್ಕಿಂತ ಐದು ಸೆಕೆಂಡ್ ಬೇಗ ಸುತ್ತಿದರೆ ಹುಡುಗನ ಪ್ರತಿಭೆಗಿಂತ ಆಟದ ಲೆಕ್ಕದ ಮೇಲೆ ಅನುಮಾನ ಪಡುವುದು ಲೇಸು. ಆದರೂ ಸುತ್ತಿನ ಸಮಯ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎನ್ನಲಾಗದು. ತಿರುವಿನಲ್ಲಿ ಕೂಡಿಸಿದ ತಪ್ಪನ್ನು ನೇರ ಹಾದಿಯಲ್ಲಿ ಕಳೆದರೆ ಮೊತ್ತ ಸರಿಹೋಗುತ್ತದೆ. ಜಮಾ ಖರ್ಚು ಹೊಂದಿದ ಮಾತ್ರಕ್ಕೆ ಖಾತೆ ಸಾಚಾ ಎಂದು ಹೇಳಲಾಗದಂತೆ.

ಈ ಕಾರಣಕ್ಕೇ ಕೆಲವರು ಹಾದಿಗಳನ್ನು ಲೇಸರ್ ಕಿರಣದಿಂದ ಅಳೆಯತೊಡಗಿದರು. 2008ರಲ್ಲಿ ಶುರುವಾದ ‘ಐರೇಸಿಂಗ್’ ಎಂಬ ಅಮೆರಿಕದ ಸಿಮ್ಯುಲೇಟರ್ ಇದಕ್ಕೆ ಹೆಸರಾಗಿದೆ. ಡಾಂಬರಿನ ಸಣ್ಣ ಉಬ್ಬುಗಳೂ ಅದರಲ್ಲಿ ದಾಖಲಾಗುತ್ತವೆ. ಅತ್ತ ಫಾರ್ಮುಲಾ 1ರಲ್ಲಿ 2009ರಿಂದ ಋತುವಿನ ನಡುವೆ ಕಾರು ಓಡಿಸಿ ಪರೀಕ್ಷಿಸುವುದಕ್ಕೆ ಕಡಿವಾಣ ಬಿದ್ದ ಮೇಲೆ, ತಂಡಗಳು ತಮ್ಮ ಕಾರ್ಖಾನೆಗಳಲ್ಲೇ ಭಾರಿ ಸಿಮ್ಯುಲೇಟರ್‌ಗಳನ್ನು ನೆಚ್ಚಿಕೊಂಡವು.

ಮೈಗೆ ತಟ್ಟದ್ದು

ಸಾವಿರ ಲೆಕ್ಕ ಸರಿಯಿದ್ದರೂ ಪರದೆಯ ಮುಂದೆ ಕೂತವನಿಗೆ ಒಂದು ಕೊರತೆ ಉಳಿಯುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳಿಗೆ ಹೆಸರಾದವು. ಸೈಕಲ್ಲಿನ ಮೇಲೆ ಕೂತವರಿಗೆ ತಿರುವಿನ ಪಾಠ ಪುಸ್ತಕದಿಂದ ಬರುವುದಿಲ್ಲ. ವೇಗ ಹೆಚ್ಚಿದಷ್ಟೂ ಮೈ ಒಳಕ್ಕೆ ವಾಲಬೇಕು. ವಾಲಿದ್ದು ಕಡಿಮೆಯಾದರೆ ಹೊರಗೆ, ಹೆಚ್ಚಾದರೆ ನೆಲಕ್ಕೆ. ಇದನ್ನು ಅರಿಯುವುದು ಒಳಕಿವಿ, ಬೆನ್ನು, ಸೀಟಿಗೆ ತಾಗಿದ ಮೈ. ಕಾರು ಜಾರಲು ಶುರುವಾದದ್ದು ಚಾಲಕನಿಗೆ ಕಣ್ಣಿಗಿಂತ ಮೊದಲು ಬೆನ್ನಿಗೆ ಗೊತ್ತಾಗುತ್ತದೆ.

ಮನೆಯ ಆಟಗಳು ಈ ಕೊರತೆಯನ್ನು ಕೈಯಿಂದ ತುಂಬಲು ನೋಡುತ್ತವೆ. 1990ರ ದಶಕದ ಕೊನೆಗೆ ಮನೆಬಳಕೆಗೂ ಬಂದ ‘ಫೋರ್ಸ್ ಫೀಡ್‌ಬ್ಯಾಕ್’ ಸ್ಟೇರಿಂಗುಗಳ ಒಳಗೆ ಮೋಟರು ಇರುತ್ತದೆ. ಟೈರು ಹಿಡಿತ ಕಳೆದುಕೊಂಡಾಗ ಸ್ಟೇರಿಂಗ್ ಕೈಯಲ್ಲಿ ಹಗುರಾಗುತ್ತದೆ. ಇದು ಸಾಕಷ್ಟು ನಿಜ. ಮೊಬೈಲಿನ ಗಾಜಿನಲ್ಲಿ ಇದೂ ಇಲ್ಲ. ಸೈಕಲ್ಲಿಗೂ ಈಗ ಪರದೆ ಬಂದಿದೆ. ಮನೆಯೊಳಗೆ ನಿಲ್ಲಿಸಿದ ಸೈಕಲ್ ತುಳಿದರೆ ಪರದೆಯ ಮೇಲಿನ ಸವಾರ ಓಡುತ್ತಾನೆ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 2020ರ ಡಿಸೆಂಬರಿನಲ್ಲಿ ನಡೆಯಿತು. ಅಲ್ಲಿ ರಸ್ತೆ ಸುಳ್ಳಾದರೂ ಕಾಲಿನ ದುಡಿಮೆ ಪೂರ್ತಿ ನಿಜ. ಮೋಟಾರಿನ ಆಟದಲ್ಲಿ ದುಡಿಯುವುದು ಎಂಜಿನ್. ಅದೂ ಲೆಕ್ಕದ ಎಂಜಿನ್.

ಹಾಗೆಂದು ಆಟದಿಂದ ಕಲಿತದ್ದು ವ್ಯರ್ಥವೂ ಅಲ್ಲ. ಸೋನಿ ಮತ್ತು ನಿಸ್ಸಾನ್ ಕಂಪೆನಿಗಳು 2008ರಲ್ಲಿ ‘ಜಿಟಿ ಅಕಾಡೆಮಿ’ ಎಂಬ ಸ್ಪರ್ಧೆ ಶುರು ಮಾಡಿ, ‘ಗ್ರ್ಯಾನ್ ಟುರಿಸ್ಮೊ’ ಆಟದ ಜಾಣರನ್ನು ಆಯ್ದು ನಿಜವಾದ ಓಟದ ಕಾರಿನಲ್ಲಿ ಕೂರಿಸಿದವು. 2014ರಲ್ಲಿ ಭಾರತದ ಆಟಗಾರರಿಗೂ ಈ ಬಾಗಿಲು ತೆರೆಯಿತು. 2011ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೊ ಎರಡೇ ವರ್ಷದಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟದಲ್ಲಿ ತಮ್ಮ ವರ್ಗದ ಮೂರನೆಯ ಸ್ಥಾನ ಪಡೆದ ತಂಡದಲ್ಲಿದ್ದರು. ಹಾದಿಯನ್ನು ನೆನಪಿಡುವುದು, ತಿರುವಿಗೆ ಮೊದಲು ಎಲ್ಲಿ ಬ್ರೇಕ್ ಹಾಕಬೇಕೆಂದು ತಿಳಿಯುವುದು, ಗಂಟೆಗಟ್ಟಲೆ ಗಮನ ಕದಲದಿರುವುದು ಇವೆಲ್ಲ ಪರದೆಯಿಂದ ರಸ್ತೆಗೆ ದಾಟಿಬಂದವು. ಆದರೆ 2015ರ ಮಾರ್ಚಿನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಅವರ ಕಾರು ಗಾಳಿಗೆ ಎದ್ದು ಬೇಲಿ ದಾಟಿ ಬಿತ್ತು, ಪ್ರೇಕ್ಷಕರೊಬ್ಬರು ಸತ್ತರು. ಅನುಭವಿ ಓಟಗಾರರಿಗೂ ಇಂಥದು ಆಗಬಹುದು, ಆಗಿದೆ. ಆಟದಲ್ಲಿ ಮಾತ್ರ ಆಗದು. ಅಲ್ಲಿ ಬೇಲಿಯಾಚೆ ಇರುವವರು ಬಣ್ಣದ ಚುಕ್ಕೆಗಳು.

ಇದಕ್ಕೆ ತದ್ವಿರುದ್ಧ ಪ್ರಸಂಗವೂ ಒಂದಿದೆ. ಕೊರೊನಾ ಕಾಲದ 2020ರಲ್ಲಿ ಓಟಗಳೆಲ್ಲ ನಿಂತು ವೃತ್ತಿಪರ ಚಾಲಕರು ಮನೆಯಿಂದಲೇ ಕಂಪ್ಯೂಟರ್ ಸ್ಪರ್ಧೆಗಳಲ್ಲಿ ತೊಡಗಿದರು. ಫಾರ್ಮುಲಾ ಇ ಚಾಲಕ ಡೇನಿಯಲ್ ಆಪ್ಟ್ ಮೇ ತಿಂಗಳ ಒಂದು ಸ್ಪರ್ಧೆಯಲ್ಲಿ ತಮ್ಮ ಬದಲು ನುರಿತ ಕಂಪ್ಯೂಟರ್ ಆಟಗಾರನೊಬ್ಬನನ್ನು ಕೂರಿಸಿದ್ದು ಬಯಲಾಯಿತು. ದಂಡ ಬಿತ್ತು, ಔಡಿ ತಂಡದ ಕೆಲಸವೂ ಹೋಯಿತು. ರಸ್ತೆಯಲ್ಲಿ ಪಳಗಿದವನು ಪರದೆಯ ಮೇಲೆ ಗೆಲ್ಲಲು ಬೇರೆಯವನ ಕೈ ಬೇಕಾಯಿತು ಎಂಬುದೇ ಇಲ್ಲಿನ ಸ್ವಾರಸ್ಯ. ಎರಡು ವಿದ್ಯೆಗಳು ನೆಂಟರು ಹೌದು, ಒಂದೇ ಅಲ್ಲ.

ಆಟದಲ್ಲಿಲ್ಲದ ರಸ್ತೆ

ಓಟದ ಹಾದಿಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಎದುರಿನಿಂದ ಯಾರೂ ಬರುವುದಿಲ್ಲ. ಹೀಗಾಗಿ ಅತ್ಯಂತ ನಿಜವಾದ ಓಟದ ಆಟವೂ ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡು ಡಬ್ಬಿ ಎಳೆದುಕೊಂಡು, ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ತೆವಳುವ ಟ್ರ್ಯಾಕ್ಟರ್ ಯಾವ ಆಟದ ತಯಾರಕರ ಕಲ್ಪನೆಗೂ ಬಂದಂತಿಲ್ಲ. ಸುಗ್ಗಿಯಲ್ಲಿ ರಸ್ತೆಯನ್ನೇ ಕಣ ಮಾಡಿ ಹರಡಿದ ತೆನೆ, ಹೊಟ್ಟುಗಳ ಮೇಲೆ ಬೈಕಿನ ಟೈರು ಎಷ್ಟು ಜಾರುತ್ತದೆಂದು ಡೆಲ್ಫ್ಟ್‌ನಲ್ಲಿ ಅಳೆದವರಿಲ್ಲ.

ಇನ್ನು ಎರೆ ಮಣ್ಣು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹೊಗಳಿಸಿಕೊಂಡ ಕಪ್ಪು ನೆಲ ತಿಕೋಟಾ, ಬಬಲೇಶ್ವರ ಸೀಮೆಯಲ್ಲೂ ಇದೆ. ಮೊದಲ ಮಳೆ ಬಿದ್ದಾಗ ಹೊಲದಿಂದ ಹೊರಟ ಟ್ರ್ಯಾಕ್ಟರಿನ ಗಾಲಿಗಳು ಆ ಮಣ್ಣನ್ನು ಡಾಂಬರಿನ ಮೇಲೆ ಬಳಿಯುತ್ತವೆ. ಎರೆ ಮಣ್ಣು ನೀರು ಕುಡಿದು ಉಬ್ಬಿ ಬೆಣ್ಣೆಯಂತಾಗುತ್ತದೆ. 60ರ ವೇಗದಲ್ಲಿ 19 ಮೀಟರಿಗೆ ನಿಲ್ಲಬೇಕಾದ ಗಾಡಿ, ಹಿಡಿತ ಅರ್ಧಕ್ಕಿಳಿದರೆ 38 ಮೀಟರ್ ಕೇಳುತ್ತದೆ. ಇದಕ್ಕೆ ಚಾಲಕನ ಮನಸ್ಸು ಎಚ್ಚೆತ್ತು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡ್ ಸೇರಿಸಿದರೆ ಇನ್ನೂ 17 ಮೀಟರ್. ಆಟದಲ್ಲಿ ಈ ಒಂದು ಸೆಕೆಂಡ್ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಮುಂದಿನ ತಿರುವು ಯಾವುದೆಂದು ಆಟಗಾರನಿಗೆ ಮೊದಲೇ ಬಾಯಿಪಾಠ. ಹೊಲದ ದಾರಿಯಿಂದ ಎಮ್ಮೆ ಯಾವಾಗ ರಸ್ತೆಗಿಳಿಯುತ್ತದೆಂದು ಬಾಯಿಪಾಠ ಮಾಡಲಾಗದು.

ಕಾನೂನು ಕೂಡ ಈ ವ್ಯತ್ಯಾಸವನ್ನು ತನ್ನದೇ ರೀತಿಯಲ್ಲಿ ಗುರುತಿಸಿದೆ. 2021ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಬೇಕು. ಅದರ ಜೊತೆ ನಿಜವಾದ ಪರೀಕ್ಷಾ ಪಥವೂ ಇರಬೇಕು. ಲಘು ವಾಹನದ ತರಬೇತಿ ನಾಲ್ಕು ವಾರಗಳೊಳಗೆ 29 ಗಂಟೆ. ಒಂದು ಇನ್ನೊಂದರ ಬದಲಿಯಾಗಲಾರದು ಎಂಬ ತಿಳಿವಳಿಕೆ ಇದರ ಹಿಂದಿದೆ. ಇನ್ನು ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಡುವ ತಂದೆತಾಯಿಗಳಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 25,000 ರೂಪಾಯಿ ದಂಡ ಹಾಗೂ 3 ವರ್ಷದವರೆಗೆ ಸಜೆ ವಿಧಿಸುತ್ತದೆ. ವಾಹನದ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ. ‘ನಮ್ಮ ಹುಡುಗ ಮೊಬೈಲಿನಾಗ ಎಲ್ಲಾ ಕಲ್ತಾನ’ ಎನ್ನುವ ಮಾತು ನ್ಯಾಯಾಲಯದಲ್ಲಿ ನಡೆಯದು.

ಹಾಗಾದರೆ ಆಟದ ನಿಜವನ್ನು ತೂಗುವುದು ಹೇಗೆ? ಎಡ್ವಿನ್ ಲಿಂಕ್‌ನ ತಿದಿಯ ವಿಮಾನಕ್ಕೆ ಕೇಳಬಹುದಾಗಿದ್ದ ಪ್ರಶ್ನೆಯನ್ನೇ ಕೇಳಿದರಾಯಿತು: ಇದು ಯಾವ ಒಂದು ವಿದ್ಯೆಯನ್ನು ಸರಿಯಾಗಿ ಕಲಿಸುತ್ತದೆ? ಒಳ್ಳೆಯ ಸಿಮ್ಯುಲೇಟರ್ ಟೈರಿನ ಹಿಡಿತಕ್ಕೆ ಒಂದು ಎಲ್ಲೆಯಿದೆ ಎಂಬುದನ್ನು ಕಲಿಸುತ್ತದೆ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿಯಾಗುತ್ತದೆ ಎಂಬುದನ್ನು ನೂರು ಸಲ ತೋರಿಸುತ್ತದೆ, ಅದೂ ಯಾರ ಮೈಗೂ ಗಾಯವಾಗದಂತೆ. ಮೊಬೈಲಿನ ಬಹುಪಾಲು ಆಟಗಳು ಇದನ್ನೂ ಕಲಿಸುವುದಿಲ್ಲ. ಅವು ಕೊಡುವುದು ವೇಗದ ಖುಷಿಯನ್ನು ಮಾತ್ರ. ಖುಷಿಗೆಂದು ಆಡುವುದರಲ್ಲಿ ತಪ್ಪೇನಿಲ್ಲ, ಪಾರಿಜಾತ ನೋಡಿದವರಾರೂ ಸ್ವರ್ಗಕ್ಕೆ ಗಿಡ ತರಲು ಹೊರಡುವುದಿಲ್ಲವಲ್ಲ.

ಮನೆಯಲ್ಲಿ ಆಟವಾಡುವ ಮಕ್ಕಳಿದ್ದರೆ ಹಿರಿಯರು ಒಂದು ಸಂಜೆ ಅವರ ಪಕ್ಕದಲ್ಲಿ ಗಡಿಯಾರ ಹಿಡಿದು ಕೂರಬಹುದು. 60ರ ವೇಗದ ಕಾರು ಎಷ್ಟು ಸೆಕೆಂಡಿಗೆ ನಿಂತಿತು, ತಿರುವಿನಲ್ಲಿ ಎಷ್ಟು ವೇಗವಿತ್ತು ಎಂದು ಮಕ್ಕಳಿಂದಲೇ ಬರೆಸಿ ಲೆಕ್ಕ ಹಾಕಿಸಬಹುದು. ಆಟ ಹೇಳುವ ಸುಳ್ಳನ್ನು ಒಮ್ಮೆ ತಾನೇ ಹಿಡಿದ ಹುಡುಗ ಬೈಕಿನ ಕೀಲಿ ಕೈಗೆ ಬಂದ ದಿನ ಆ ಅಂಕಿಗಳನ್ನು ಮರೆಯುವುದು ಕಷ್ಟ.